ಖರ್ಜೂರದ ಪೊಟ್ಟಣ

ಖರ್ಜೂರದ ಪೊಟ್ಟಣವನ್ನು ಮಗ ವಾಸಿಫ್‌ನ ಬ್ಯಾಗಿನಲ್ಲಿಡಲು ಹೋದ ದಿಲ್ಷಾದ್ ಬೇಗಂ ಕೈಗೆ, ನೀರಿಗಿಳಿಯುವಾಗ ಹಾಕಿಕೊಳ್ಳುವ ಗಾಜಿನ ಮಾಸ್ಕ್ ಸಿಕ್ಕಿತು. ವಾಸಿಫ್ ಬಾಗಿಲಲ್ಲೇ ನಿಂತುಬಿಟ್ಟ.

ಅಂಡಮಾನಿನ ಕಡಲು ತಿಳಿಯಾಗಿರುವ ತಿಂಗಳು ನೋಡಿ ಅವನು ಸ್ಕೂಬಾ ಡೈವಿಂಗಿಗೆ ಹೆಸರು ಕೊಟ್ಟಿದ್ದ. ಅದು ರಂಜಾನ್ ತಿಂಗಳೆಂದು ಆಮೇಲೆ ಹೊಳೆದಿತ್ತು; ಉಪವಾಸವಿದ್ದು ಡೈವಿಂಗ್ ಮಾಡುವಂತಿರಲಿಲ್ಲ. ಅಮ್ಮನಿಗೆ ಅಂಡಮಾನಿನಲ್ಲಿ ಆಫೀಸಿನ ಟ್ರೈನಿಂಗ್ ಎಂದಿದ್ದ. ಒಂದು ದಿನದ ರೋಜಾ ಉಪವಾಸವನ್ನೂ ತಪ್ಪಿಸುವುದಿಲ್ಲವೆಂದು ಮಾತೂ ಕೊಟ್ಟಿದ್ದ.

ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ನೂಲು ತೆಗೆದು ತೆಗೆದು ಬೆಳ್ಳಗಾದ ಬೆರಳುಗಳಿಂದ ಅವಳು ಮಾಸ್ಕನ್ನು ಟವೆಲ್ಲಿನಲ್ಲಿ ಸುತ್ತಿದಳು. "ಪ್ರಯಾಣದಲ್ಲಿರೋರಿಗೆ ರೋಜಾ ಮಾಫಿ ಬೇಟಾ, ಆಮೇಲೆ ಇಟ್ಕೋಬಹುದು. ಕೇಳಿದ್ದಿದ್ರೆ ನಾನೇ ಹೇಳ್ತಿದ್ದೆ."

ವಾಸಿಫ್‌ಗೆ ತಲೆ ಎತ್ತಲಾಗಲಿಲ್ಲ. ಅವಳು, ಅಂಡಮಾನಿನಲ್ಲಿ ರೋಜಾ ಮುರಿಯುವ ಹೊತ್ತನ್ನು ದಿನದಿನಕ್ಕೂ ತಾನೇ ಬರೆದು ಪೊಟ್ಟಣಕ್ಕೆ ಅಂಟಿಸಿದ್ದ ಚೀಟಿಯನ್ನು ಮೆಲ್ಲಗೆ ಕಿತ್ತು, ಖರ್ಜೂರವನ್ನಷ್ಟೇ ಒಳಗಿಟ್ಟಳು.