ಸ್ಕೇಲಿಟ್ಟು ಎಳೆದ ಗೀಟು

ಕೆಮಿಸ್ಟ್ರಿಯಲ್ಲಿ ಮಗನಿಗೆ ಎರಡನೇ ಸಲವೂ ಮೂವತ್ತಾರೇ ಅಂಕ ಬಂದಾಗ ಮೇಷ್ಟರಿಗೆ ಮೈಯೆಲ್ಲ ಉರಿದುಹೋಯಿತು. ತಿದ್ದಿದವರ ಗ್ರಹಚಾರ ಬಿಡಿಸಬೇಕೆಂದು ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿದರು. ನೋಡಿದರೆ ಉತ್ತರಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಅರ್ಧಕ್ಕರ್ಧ ಉತ್ತರಗಳ ಮೇಲೆ ಮಗನೇ ಸ್ಕೇಲಿಟ್ಟು ಗೀಟು ಎಳೆದಿದ್ದ.

"ಈ ಮಾರ್ಕ್ಸಿಗೆ ಮೆಡಿಕಲ್ ಸೀಟು ಯಾರು ಕೊಡ್ತಾರೋ? ಮತ್ತೆ ಬರೀತೀಯೋ ಇಲ್ವೋ?"

"ಬರೀತೀನಪ್ಪ. ಬರೆದು ಮತ್ತೆ ಹೊಡೆದು ಹಾಕ್ತೀನಿ."

"ಯಾರೋ ನಿಂಗೆ ಈ ಕೆಟ್ಟ ಬುದ್ಧಿ ಕಲಿಸಿದ್ದು?"

ಮಗ ಒಳಗಿನಿಂದ ಹಳೆಯ ಕಾಗದವೊಂದನ್ನು ತಂದು ಅಪ್ಪನ ಮುಂದಿಟ್ಟ. ಹದಿನೆಂಟಕ್ಕೇ ಮದುವೆ ಮಾಡಿ ಕಳಿಸಿದ್ದ ಅಕ್ಕನ ಮೆಡಿಕಲ್ ಕಾಲೇಜಿನ ಅರ್ಜಿ ಅದು. ಅದರ ಮೇಲೆ ಮೂಲೆಯಿಂದ ಮೂಲೆಗೆ ಮೇಷ್ಟರದೇ ಕೆಂಪು ಶಾಯಿಯ ಗೀಟಿತ್ತು, ಸ್ಕೇಲಿಟ್ಟು ಎಳೆದದ್ದು.