ಒರೆಸಿದ ಬೀರು

ಕಳ್ಳತನವಾದ ಮನೆಗೆ ಇನ್‌ಸ್ಪೆಕ್ಟರ್ ಬಂದಾಗ ಬಾಗಿಲಲ್ಲಿ ಹೊಸ ರಂಗೋಲಿ, ಒಳಗೆಲ್ಲ ಫಿನಾಯಿಲ್ ವಾಸನೆ.

"ಏನೂ ಮುಟ್ಟಬೇಡಿ ಅಂತ ಫೋನಲ್ಲೇ ಹೇಳಿದ್ನಲ್ಲಮ್ಮಾ!"

"ಮೊದಲನೇ ಸಲ ಮನೆಗೆ ಬರ್ತಿದೀರಿ ಸಾರ್, ಧೂಳು ತೋರಿಸಕ್ಕಾಗುತ್ತಾ? ಕಳ್ಳ ಮುಟ್ಟಿದ ಬೀರು ಬೇರೆ. ಎರಡು ಸಲ ಒರೆಸಿದೆ."

ಇನ್‌ಸ್ಪೆಕ್ಟರ್ ಸಿಟ್ಟಿನಿಂದ ಬೀರುವಿಗೆ ಅಂಗೈಯಲ್ಲಿ ಬಡಿದರು. ಕಾನ್‌ಸ್ಟೇಬಲ್ ಕಡೆ ತಿರುಗಿ, "ಎಷ್ಟೇ ಒರೆಸಿದ್ರೂ ಒಂದಾದ್ರೂ ಬೆರಳಚ್ಚು ಉಳಿದಿರುತ್ತೆ ಕಣಯ್ಯ. ಅದು ಸುಳ್ಳು ಹೇಳಲ್ಲ. ಯಾರದ್ದು ಸಿಗುತ್ತೋ ಅವನೇ ಕಳ್ಳ. ಮುಖ ನೋಡದೆ ಬೇಡಿ ಹಾಕು" ಎಂದರು.

ವಾರದ ನಂತರ ಪ್ರಯೋಗಾಲಯದ ವರದಿ ಬಂತು. ಬೀರುವಿನ ಮೇಲೆ ಸಿಕ್ಕಿದ್ದು ಒಬ್ಬರದೇ ಬೆರಳಚ್ಚು.

ಹೆಸರು ಓದಿದ ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರ್ ಮುಂದೆ ಬಂದು ಸೆಲ್ಯೂಟ್ ಹೊಡೆದ.

"ಸಾರ್, ಬೇಡಿ ಈಗಲೇ ಹಾಕ್ಲಾ, ತಮ್ಮ ಊಟ ಆದ್ಮೇಲಾ?"