ತರ್ಕಶಾಸ್ತ್ರಕ್ಕೆ ಬಂದ ಶುಕ್ರದೆಸೆ

"ಸರ್, ಫೋನು ತಲೆಕೆಳಗಾಗಿದೆ."

ತರ್ಕಶಾಸ್ತ್ರದ ಮೇಷ್ಟ್ರು ಫೋನನ್ನು ತಿರುಗಿಸುವ ಬದಲು ತಮ್ಮ ತಲೆಯನ್ನೇ ಓರೆ ಮಾಡಿ ನೋಡಿದರು. ಕಂಪ್ಯೂಟರ್ ಕೊಠಡಿಯ ತುಂಬ ಕೂತಿದ್ದ ಪ್ರಾಧ್ಯಾಪಕರು ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅರ್ಥಶಾಸ್ತ್ರದ ಮೇಡಂ.

ಮೇಷ್ಟ್ರು ನಗುವ ಸ್ಥಿತಿಯಲ್ಲಿರಲಿಲ್ಲ. ಅವರ ತರಗತಿಯಲ್ಲಿ ಬೆಂಚುಗಳೇ ಹೆಚ್ಚು, ತಲೆಗಳು ಕಡಿಮೆ. "ಈ ವರ್ಷ ಆನ್‌ಲೈನಿನಲ್ಲಾದರೂ ಜನ ಸೇರಿಸಿ. ಇಲ್ಲಾಂದ್ರೆ ನಿಮ್ಮ ವಿಭಾಗಕ್ಕೆ ಬೀಗ" ಎಂದು ಕುಲಸಚಿವರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅದಕ್ಕೇ ಈ ತರಬೇತಿ: ಸಾಮಾಜಿಕ ಜಾಲತಾಣದಲ್ಲಿ ಪಾಠ ಮಾಡುವುದು ಹೇಗೆ?

ಹೇಳಿಕೊಡಲು ಬಂದಿದ್ದ ಹುಡುಗಿ ಪಾದರಸ. "ನಗಬೇಕು ಸರ್, ಕೈ ಆಡಿಸಬೇಕು, ದನಿ ಏರಿಳೀಬೇಕು. ಇಲ್ಲಾಂದ್ರೆ ಜನ ಬೆರಳಾಡಿಸಿ ಮುಂದಕ್ಕೆ ಹೋಗ್ತಾರೆ."

ಅದೆಲ್ಲ ತಮ್ಮಿಂದಾಗದು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಕೆಲಸಕ್ಕೆ ಸೇರಿದಂದಿನಿಂದ ಹೇಳುತ್ತ ಬಂದಿದ್ದನ್ನೇ ಅದೇ ದನಿಯಲ್ಲಿ ಹೇಳಿದರು. ಬಿಡುವಾಗುತ್ತಿದ್ದದ್ದು ರಾತ್ರಿ ಊಟವಾದ ಮೇಲೆ. ಪಾಠಕ್ಕೂ ಅದೇ ಹೊತ್ತು.

ಮೊದಮೊದಲು ನೋಡಿದ್ದು ಹೆಂಡತಿ ಒಬ್ಬರೇ, ಅದೂ ಅಡುಗೆಮನೆಯಿಂದ. ಆಮೇಲೆ ಅದೇನಾಯಿತೋ, ಜನ ಇರುವೆ ಸಾಲಿನಂತೆ ಬರತೊಡಗಿದರು. ನೋಡನೋಡುತ್ತ ಸಾವಿರ ದಾಟಿತು.

ತರಬೇತಿಯ ಹುಡುಗಿ ಕಣ್ಣುಜ್ಜಿಕೊಂಡಳು. "ಸರ್, ಒಬ್ಬರೂ ಮಧ್ಯದಲ್ಲಿ ಬಿಟ್ಟುಹೋಗಿಲ್ಲ! ಮುಗಿದ ಪಾಠ ಮತ್ತೆ ಮೊದಲಿಂದ ಶುರುವಾದ್ರೂ ಹಾಗೇ ಇದ್ದಾರೆ!"

"ವಿಷಯ ಆಳವಾದದ್ದಮ್ಮ. ಒಂದೇ ಸಲಕ್ಕೆ ಇಳಿಯಲ್ಲ" ಎಂದರು ಮೇಷ್ಟ್ರು, ಮೀಸೆಯಲ್ಲೇ ನಗುತ್ತ.

ಅರ್ಥಶಾಸ್ತ್ರದ ಮೇಡಂ ಕುಣಿದು ಕುಪ್ಪಳಿಸಿ ಪಾಠ ಮಾಡಿದರೂ ನೋಡುವವರು ನೂರು ಮುಟ್ಟಲಿಲ್ಲ. ಅವರ ಹೊಟ್ಟೆಯುರಿಯಲ್ಲಿ ಅಡುಗೆ ಬೇಯಿಸಬಹುದಿತ್ತು.

ಒಮ್ಮೆ ಉಮೇದು ಹೆಚ್ಚಾಗಿ ಮೇಷ್ಟ್ರು ಪಾಠದ ನಡುವೆ ಒಂದು ಜೋಕು ಹೇಳಿ ಮೇಜು ಗುದ್ದಿದರು. ಪಾಠದ ಕೆಳಗೆ ಬೈಗುಳ, ಬೇಡಿಕೆಗಳ ಸುರಿಮಳೆಯಾಯಿತು. "ಹೀಗೆಲ್ಲ ಮಾಡಬೇಡಿ ಸರ್. ನಿಮ್ಮ ಕಾಲಿಗೆ ಬೀಳ್ತೀವಿ, ಮೊದಲಿನ ಹಾಗೇ ಇರಲಿ."

ಮೇಷ್ಟ್ರ ಕಣ್ಣು ತುಂಬಿತು. ಥಳುಕು ಬೇಡ, ವಿಷಯವೊಂದೇ ಸಾಕು ಎನ್ನುವ ಮಂದಿ ಇನ್ನೂ ಇದ್ದಾರಲ್ಲ!

ವಿಭಾಗ ಉಳಿಯಿತು. ಕುಲಸಚಿವರು ಸಭೆ ಕರೆದು ಅವರನ್ನು ಹಾಡಿಹೊಗಳುತ್ತಿದ್ದಾಗ, ಆಸ್ಪತ್ರೆಯ ಸಮವಸ್ತ್ರದಲ್ಲಿದ್ದ ನರ್ಸೊಬ್ಬಳು ನೇರ ಒಳಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮನ್ನ ಒಂದ್ಸಲ ಕಣ್ಣಾರೆ ನೋಡಬೇಕಿತ್ತು ಸರ್."

"ನೀವೂ ನನ್ನ ಪಾಠ ಕೇಳ್ತೀರಾ?"

"ನಾನು ಕೇಳೋ ಹಾಗಿಲ್ಲ ಸರ್, ಡ್ಯೂಟಿ ಇರುತ್ತೆ. ನಮ್ಮ ವಾರ್ಡಿನವರೆಲ್ಲ ಕೇಳ್ತಾರೆ. ಪಾಪ, ವರ್ಷಗಟ್ಟಲೆ ನರಳಿದವರು. ಅವರೇ ಊರಿಗೆಲ್ಲ ಹೇಳಿದ್ದು."

ಮೇಷ್ಟ್ರು ಅರ್ಥಶಾಸ್ತ್ರದ ಮೇಡಂ ಕಡೆ ವಾರೆನೋಟ ಬೀರಿ, ಎಲ್ಲರಿಗೂ ಕೇಳಿಸುವಂತೆ ಗಂಟಲು ಸರಿಮಾಡಿಕೊಂಡರು. "ಯಾವ ಪಾಠ ಅವರಿಗೆ ಹೆಚ್ಚು ಹಿಡಿಸಿತಮ್ಮ?"

"ಅಯ್ಯೋ, ಅದನ್ನ ಹೇಗೆ ಹೇಳಲಿ ಸರ್? ನಿಮ್ಮ ಎರಡನೇ ವಾಕ್ಯಕ್ಕೇ ಎಲ್ಲರೂ ಗೊರಕೆ. ನಿದ್ದೆ ಮಾತ್ರೆ ಕೊಡೋದನ್ನೇ ನಿಲ್ಲಿಸಿಬಿಟ್ಟಿದ್ದೀವಿ."